ಹಾರ್ಮುಜ್ ಮುಚ್ಚಿದರೆ ಪಾದೂರಿನ ಎಣ್ಣೆ ಎಷ್ಟು ದಿನ?

ಪ್ರಶ್ನೆ: ನಾನು ಕುಂದಾಪುರದ ಕಡೆಯ ನಿವೃತ್ತ ಶಿಕ್ಷಕಿ. ಮಗ ಹನ್ನೊಂದು ವರ್ಷದಿಂದ ಕುವೈತ್‌ನಲ್ಲಿದ್ದಾನೆ. 2025ರ ಜೂನ್‌ನಲ್ಲಿ ಇಸ್ರೇಲ್-ಇರಾನ್ ಯುದ್ಧ ಆದಾಗ, ಕೊಲ್ಲಿಯ ಎಣ್ಣೆ ಹಡಗುಗಳು ಹಾದುಬರುವ ಹಾರ್ಮುಜ್ ಜಲಸಂಧಿಯನ್ನು ಮುಚ್ಚುತ್ತಾರೆ ಎಂದು ಟಿವಿಯವರು ದಿನವಿಡೀ ಹೇಳುತ್ತಿದ್ದರು. ಎರಡು ವಾರ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಆಗಸ್ಟ್‌ನಲ್ಲಿ ರಷ್ಯಾದ ಎಣ್ಣೆ ಕೊಂಡದ್ದಕ್ಕೆ ಅಮೆರಿಕ ನಮ್ಮ ಮೇಲೆ ಸುಂಕ ಹಾಕಿತು. ನಮಗಿಂತ ಜಾಸ್ತಿ ಕೊಳ್ಳುವ ಚೀನಾಕ್ಕೆ ಯಾಕೆ ಹಾಕಲಿಲ್ಲ? ಇರಾಕ್ ಮೇಲೆ ಹೋದದ್ದೂ ಎಣ್ಣೆ ದೋಚುವುದಕ್ಕೇ ಅಂತಾರೆ, ನಿಜವಾ? ಉಡುಪಿ ಜಿಲ್ಲೆಯ ನಮ್ಮ ಪಾದೂರಿನ ನೆಲದಡಿ ಎಣ್ಣೆ ತುಂಬಿಟ್ಟಿದ್ದಾರಲ್ಲ, ಅದು ಎಷ್ಟು ದಿನಕ್ಕೆ ಸಾಕು? ಎಲ್ಲರೂ ಸೋಲಾರ್, ಎಲೆಕ್ಟ್ರಿಕ್ ಗಾಡಿಗೆ ಹೋದರೆ ಈ ಜಗಳ ನಿಲ್ಲುತ್ತದಾ? ಮಗನಿಗೆ ವಾಪಸ್ ಬಾ ಅನ್ನಲಾ?

ಉತ್ತರ: ಟೀಚರೇ, ನಿಮ್ಮ ಪತ್ರದಲ್ಲಿ ಐದು ಪ್ರಶ್ನೆಗಳಿವೆ. ಆದರೆ ಎದೆಯ ಮೇಲೆ ಭಾರವಾಗಿ ಕೂತಿರುವುದು ಕೊನೆಯದು ಎಂದು ನನಗೆ ಅರ್ಥವಾಯಿತು. ಅದಕ್ಕೆ ಖಂಡಿತ ಬರುತ್ತೇನೆ. ಮೊದಲು ಉಳಿದದ್ದನ್ನು ಬಿಡಿಸಿಕೊಳ್ಳೋಣ. ಯಾಕೆಂದರೆ ಭಯದಲ್ಲಿ ಅರ್ಧ ಟಿವಿಯವರು ಹುಟ್ಟಿಸಿದ್ದು, ಇನ್ನರ್ಧ ನಿಜವಾದದ್ದು. ಯಾವುದು ಯಾವುದು ಎಂದು ತಿಳಿದರೆ ಮಗನ ಜೊತೆ ಮಾತಾಡುವುದು ಸುಲಭವಾಗುತ್ತದೆ.

ನಾನು ಬದುಕಿನ ಬಹುಪಾಲು ರಿಫೈನರಿಯೊಂದರಲ್ಲಿ ಕ್ರೂಡ್ (ಕಚ್ಚಾ ಎಣ್ಣೆ) ಖರೀದಿ ವಿಭಾಗದಲ್ಲಿ ಕಳೆದವನು. ಅಲ್ಲಿ ಕಲಿತದ್ದನ್ನು ಬಾವಿಯ ಲೆಕ್ಕದಲ್ಲಿ ಹೇಳುತ್ತೇನೆ. ಬಾವಿ ಯಾರದ್ದು ಎಂದು ಎಲ್ಲರೂ ಕೇಳುತ್ತಾರೆ. ಆದರೆ ಹಗ್ಗ ಯಾರ ಕೈಯಲ್ಲಿದೆ, ರಾಟೆ ಯಾರದ್ದು, ಕೊಡ ಹೊತ್ತು ತರುವ ದಾರಿ ಯಾರ ಜಾಗದಲ್ಲಿದೆ ಎನ್ನುವುದರ ಮೇಲೇ ದೊಡ್ಡ ದೇಶಗಳ ಹೆಚ್ಚಿನ ಜಗಳ ನಡೆಯುತ್ತದೆ. ಹಡಗು, ವಿಮೆ, ಬ್ಯಾಂಕು, ಪೈಪ್‌ಲೈನ್, ಜಲಸಂಧಿ. ಇವೇ ಆ ಹಗ್ಗ ಮತ್ತು ರಾಟೆ.

2012ರಲ್ಲಿ ಇದನ್ನು ನಾನು ಕಣ್ಣಾರೆ ಕಂಡೆ. ಇರಾನಿನ ಅಣು ಕಾರ್ಯಕ್ರಮದ ವಿಷಯಕ್ಕೆ ಅಮೆರಿಕ ಮತ್ತು ಯುರೋಪ್ ನಿರ್ಬಂಧ ಹಾಕಿದ್ದವು. ಒಂದು ಬೆಳಗ್ಗೆ ನನ್ನ ಮೇಜಿನ ಮೇಲೆ ಮೂರು ಸಂದೇಶಗಳಿದ್ದವು. ಇರಾನಿನ ಖಾರ್ಗ್ ದ್ವೀಪದಲ್ಲಿ ಎಣ್ಣೆ ಸಿದ್ಧವಿದೆ ಎಂದು ಒಂದು. ಹಡಗು ಸಿಕ್ಕಿದೆ ಎಂದು ದಲ್ಲಾಳಿಯಿಂದ ಇನ್ನೊಂದು. ಮೂರನೆಯದು ಲಂಡನ್‌ನಿಂದ: ಜುಲೈ 1ರಿಂದ ಇರಾನಿನ ಸರಕಿಗೆ ವಿಮೆ ಸಿಗುವುದಿಲ್ಲ. ಅಷ್ಟೇ, ಎಲ್ಲ ನಿಂತಿತು. ಎಣ್ಣೆ ಇದೆ, ಹಡಗು ಇದೆ, ದುಡ್ಡು ಇದೆ, ನಮಗೂ ಇರಾನಿಗೂ ಜಗಳವೇ ಇಲ್ಲ. ಆದರೆ ವಿಮೆ ಇಲ್ಲದ ಟ್ಯಾಂಕರನ್ನು ಯಾವ ಬಂದರೂ ಒಳಗೆ ಬಿಡುವುದಿಲ್ಲ. ಜಗತ್ತಿನ ಸಮುದ್ರ ಹಡಗುಗಳಲ್ಲಿ ಹತ್ತಕ್ಕೆ ಒಂಬತ್ತರ ಹೊಣೆ ವಿಮೆ ಮಾಡುವುದು ಒಂದೇ ಗುಂಪಿನ ಹನ್ನೆರಡು-ಹದಿಮೂರು ಸಂಘಗಳು. ಅವುಗಳ ಬೇರು ಲಂಡನ್‌ನಲ್ಲಿದೆ. ಆಮೇಲೆ ಇರಾನಿನದ್ದೇ ಹಡಗು, ಇರಾನಿನದ್ದೇ ವಿಮೆ ಎಂದು ದಾರಿ ಹುಡುಕಿದರು. ಹಣದಲ್ಲಿ ಶೇ. 45ರಷ್ಟನ್ನು ಕೋಲ್ಕತ್ತದ ಯೂಕೋ ಬ್ಯಾಂಕ್‌ನಲ್ಲಿ ರೂಪಾಯಿಯಲ್ಲೇ ಕಟ್ಟುವ ವ್ಯವಸ್ಥೆ ಆಯಿತು. ಆ ರೂಪಾಯಿಯಲ್ಲಿ ಇರಾನ್ ನಮ್ಮಿಂದ ಅಕ್ಕಿ, ಚಹಾ, ಔಷಧಿ ಕೊಂಡಿತು. ಹೀಗೆ ಕುಂಟುತ್ತಾ ನಡೆದ ವ್ಯಾಪಾರ 2019ರ ಮೇ ಹೊತ್ತಿಗೆ ಪೂರ್ತಿ ನಿಂತಿತು. ಎಲ್ಲೂ ಒಂದು ಗುಂಡು ಹಾರಲಿಲ್ಲ.

ಈಗ ಇರಾಕ್ ವಿಷಯ. ‘ಅಮೆರಿಕ ಹೋಗಿ ಎಣ್ಣೆ ದೋಚಿತು’ ಎನ್ನುವ ಮಾತಿನಲ್ಲಿ ಎರಡು ಸಂಗತಿ ಬೆರೆತುಹೋಗಿವೆ. ಕೊಲ್ಲಿಯ ಎಣ್ಣೆಯನ್ನು ಅಮೆರಿಕ ತನ್ನ ಜೀವನಾಡಿ ಎಂದುಕೊಂಡದ್ದು ನೂರಕ್ಕೆ ನೂರು ನಿಜ. 1945ರ ಫೆಬ್ರವರಿಯಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಸೂಯೆಜ್ ಕಾಲುವೆಯ ಮಧ್ಯದ ಸರೋವರದಲ್ಲಿ, ಯುದ್ಧನೌಕೆಯ ಮೇಲೆ ಸೌದಿ ದೊರೆ ಇಬ್ನ್ ಸೌದ್ ಅವರನ್ನು ಭೇಟಿಯಾದರು. ಅಂದಿನಿಂದ ಆ ನಂಟು ಗಟ್ಟಿಯಾಯಿತು. ಪರ್ಷಿಯನ್ ಕೊಲ್ಲಿಯನ್ನು ಹೊರಗಿನ ಶಕ್ತಿ ಹಿಡಿಯಲು ಬಂದರೆ ಸೈನ್ಯ ಬಳಸಿಯಾದರೂ ತಡೆಯುತ್ತೇವೆ ಎಂದು 1980ರಲ್ಲಿ ಅಧ್ಯಕ್ಷ ಕಾರ್ಟರ್ ಬಾಯಿ ಬಿಟ್ಟು ಹೇಳಿದರು. ಆದರೆ 2003ರ ಯುದ್ಧದ ನಂತರ ಇರಾಕಿನ ಬಾವಿಗಳು ಯಾರ ಪಾಲಾದವು ನೋಡಿ. 2009ರಲ್ಲಿ ಇರಾಕ್ ಸರ್ಕಾರ ಹರಾಜು ಹಾಕಿದಾಗ ರುಮೈಲಾ ಎಂಬ ಅತಿ ದೊಡ್ಡ ಕ್ಷೇತ್ರ ಬ್ರಿಟನ್ನಿನ ಬಿಪಿ ಮತ್ತು ಚೀನಾದ ಸರ್ಕಾರಿ ಕಂಪನಿಗೆ ಹೋಯಿತು. ಇನ್ನೊಂದು ದೊಡ್ಡ ಕ್ಷೇತ್ರ ರಷ್ಯಾದ ಲುಕಾಯಿಲ್‌ಗೆ. ಮತ್ತೊಂದನ್ನು ಅಮೆರಿಕದ ಎಕ್ಸಾನ್ ಹಿಡಿದಿತ್ತು, ಅದೂ ಬಿಟ್ಟುಹೋಯಿತು. ಈಗ ಅಲ್ಲಿ ಮುಂದಾಳು ಚೀನಾದ ಪೆಟ್ರೋಚೈನಾ. ಸಾವಿರಾರು ಸೈನಿಕರನ್ನು ಕಳೆದುಕೊಂಡದ್ದು ಅಮೆರಿಕ, ಎಣ್ಣೆಯಲ್ಲಿ ದೊಡ್ಡ ಪಾಲು ಹೋಗುತ್ತಿರುವುದು ಚೀನಾಕ್ಕೆ. ಎಣ್ಣೆಯ ಕಾರಣ ಆ ಯುದ್ಧದ ಹಿಂದೆ ಇರಲೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಇರಾಕ್‌ನಲ್ಲಿ ಎಣ್ಣೆ ಇರದಿದ್ದರೆ ಅಷ್ಟು ದೂರ ಯಾರೂ ಹೋಗುತ್ತಿರಲಿಲ್ಲ. ಆದರೆ ಸಾಮಾನು ಹೊತ್ತುಕೊಂಡು ಬಂದ ಕಳ್ಳತನದ ಕಥೆಯಂತೂ ಅದಲ್ಲ.

ನೇರವಾಗಿ ಎಣ್ಣೆಗಾಗಿಯೇ ಹೊತ್ತಿದ ಬೆಂಕಿ ಬೇಕೆಂದರೆ 1941ಕ್ಕೆ ಹೋಗಬೇಕು. ಜಪಾನ್ ಆಗ ಚೀನಾವನ್ನು ತುಳಿಯುತ್ತಿತ್ತು, ಇಂಡೋಚೀನಾಕ್ಕೂ ಕಾಲಿಟ್ಟಿತ್ತು. ಅದರ ಎಣ್ಣೆಯಲ್ಲಿ ಶೇ. 80ರಷ್ಟು ಬರುತ್ತಿದ್ದುದು ಅಮೆರಿಕದಿಂದ. ಆ ವರ್ಷದ ಜುಲೈ ಕೊನೆಯಲ್ಲಿ ಅಮೆರಿಕ ಜಪಾನಿನ ಹಣವನ್ನು ತಡೆಹಿಡಿಯಿತು, ಅದರೊಂದಿಗೆ ಎಣ್ಣೆಯೂ ನಿಂತಿತು. ಜಪಾನಿನ ನೌಕಾಪಡೆ ದಿನಾ ಟ್ಯಾಂಕಿನ ಮಟ್ಟ ನೋಡುತ್ತಾ ಕೂರುವಂತಾಯಿತು. ಡಚ್ಚರ ಕೈಯಲ್ಲಿದ್ದ ಇಂಡೋನೇಷ್ಯಾದ ಬಾವಿಗಳನ್ನು ಹಿಡಿಯಬೇಕು, ಅದಕ್ಕೆ ಅಡ್ಡ ಬರುವ ಅಮೆರಿಕದ ನೌಕಾಪಡೆಯನ್ನು ಮೊದಲೇ ಹೊಡೆಯಬೇಕು ಎಂದು ಲೆಕ್ಕ ಹಾಕಿತು. ಡಿಸೆಂಬರ್ 7ರಂದು ಪರ್ಲ್ ಹಾರ್ಬರ್. ನಿರ್ಬಂಧ ಹಾಕುವವರಿಗೆ ಇದು ಇಂದಿಗೂ ನೆನಪಿನಲ್ಲಿರುವ ಪಾಠ. ಬೇರೆ ದಾರಿಯೇ ಇಲ್ಲದಂತೆ ಒಬ್ಬರ ಕತ್ತು ಹಿಸುಕಿದರೆ ಅವರು ತಿರುಗಿ ಬೀಳುತ್ತಾರೆ. ಇವತ್ತಿನ ನಿರ್ಬಂಧಗಳಲ್ಲಿ ಎಲ್ಲೋ ಒಂದು ಕಿಂಡಿ ತೆರೆದೇ ಇರುವುದಕ್ಕೆ ಇದೂ ಒಂದು ಕಾರಣ ಎಂದು ನನಗನಿಸುತ್ತದೆ.

ರಷ್ಯಾ ಮತ್ತು ಯುರೋಪಿನ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ನಮ್ಮ ಸುಂಕದ ಬೇರು ಅಲ್ಲಿದೆ. ಹಡಗಿನ ಎಣ್ಣೆ ಸಂತೆ ವ್ಯಾಪಾರದ ಹಾಗೆ. ಇವತ್ತು ಇವರ ಹತ್ತಿರ, ನಾಳೆ ಅವರ ಹತ್ತಿರ. ಪೈಪ್‌ಲೈನ್ ಹಾಗಲ್ಲ, ಅದು ಮದುವೆ ಸಂಬಂಧ. ಒಮ್ಮೆ ನೆಲದಲ್ಲಿ ಹೂತರೆ ಮೂವತ್ತು-ನಲವತ್ತು ವರ್ಷ ಇಬ್ಬರೂ ಬಿಡುವ ಹಾಗಿಲ್ಲ. 1980ರ ದಶಕದ ಆರಂಭದಲ್ಲಿ ಸೈಬೀರಿಯಾದಿಂದ ಪಶ್ಚಿಮ ಯುರೋಪಿಗೆ ಅನಿಲದ ಪೈಪ್ ಹಾಕುವಾಗಲೇ ಅಧ್ಯಕ್ಷ ರೇಗನ್ ಇದು ಬೇಡ ಎಂದು ಹಟ ಹಿಡಿದು, ತನ್ನ ಮಿತ್ರದೇಶಗಳ ಕಂಪನಿಗಳ ಮೇಲೇ ನಿರ್ಬಂಧ ಹಾಕಿದರು. ಯುರೋಪ್ ಸಿಟ್ಟಾಯಿತು. 1982ರ ನವೆಂಬರ್‌ನಲ್ಲಿ ಅವರೇ ಹಿಂದೆ ಸರಿದರು. ಪೈಪ್ ಆಯಿತು. ವ್ಯಾಪಾರ ಇದ್ದ ಕಡೆ ಯುದ್ಧ ಇರುವುದಿಲ್ಲ ಎಂದು ಜರ್ಮನಿ ಬಲವಾಗಿ ನಂಬಿತ್ತು. ಅದು ಸುಳ್ಳು ನಂಬಿಕೆ ಎನ್ನಲು ನನಗೆ ಮನಸ್ಸಾಗುವುದಿಲ್ಲ. 2009ರ ಜನವರಿಯಲ್ಲಿ ಉಕ್ರೇನ್ ಜೊತೆಗಿನ ಜಗಳಕ್ಕೆ ಸುಮಾರು ಎರಡು ವಾರ ನಿಂತಂಥ ಅಡಚಣೆ ಬಿಟ್ಟರೆ ಹೆಚ್ಚುಕಡಿಮೆ ನಲವತ್ತು ವರ್ಷ ಆ ಅನಿಲ ಹರಿಯಿತು, ಸೋವಿಯತ್ ದೇಶವೇ ಮುರಿದುಬಿದ್ದಾಗಲೂ ಯುರೋಪಿಗೆ ಬರುತ್ತಲೇ ಇತ್ತು.

2021ರಲ್ಲಿ ಯುರೋಪ್ ಒಕ್ಕೂಟ ತರಿಸುತ್ತಿದ್ದ ಅನಿಲದಲ್ಲಿ ನೂರಕ್ಕೆ ನಲವತ್ತಕ್ಕೂ ಜಾಸ್ತಿ ರಷ್ಯಾದ್ದು. 2022ರ ಫೆಬ್ರವರಿಯಲ್ಲಿ ರಷ್ಯಾ ಉಕ್ರೇನ್ ಮೇಲೆ ಬಿತ್ತು. ಅನಿಲ ಕಡಿಮೆಯಾಗುತ್ತಾ ಹೋಯಿತು. ಆಗಸ್ಟ್‌ನಲ್ಲಿ ಯುರೋಪಿನ ಅನಿಲದ ಬೆಲೆ ಮೆಗಾವ್ಯಾಟ್ ಗಂಟೆಗೆ 300 ಯೂರೋ ದಾಟಿತು. ಅದಕ್ಕಿಂತ ಹಿಂದೆ ವರ್ಷಗಟ್ಟಲೆ 20 ಯೂರೋ ಆಸುಪಾಸಿನಲ್ಲಿದ್ದ ಬೆಲೆ ಅದು. ಸೆಪ್ಟೆಂಬರ್ 26ರಂದು ಬಾಲ್ಟಿಕ್ ಸಮುದ್ರದ ತಳದಲ್ಲಿ ರಷ್ಯಾದಿಂದ ಜರ್ಮನಿಗೆ ಹೋಗುವ ನಾರ್ಡ್ ಸ್ಟ್ರೀಮ್ ಪೈಪ್‌ಗಳು ಸ್ಫೋಟಗೊಂಡವು. ಮದುವೆ ಮುರಿಯಿತು. ಇಬ್ಬರಿಗೂ ಪೆಟ್ಟು ಬಿತ್ತು. ಯುರೋಪ್ ದುಬಾರಿ ಬೆಲೆ ಕೊಟ್ಟು ಅಮೆರಿಕದಿಂದ, ಕತಾರ್‌ನಿಂದ ಹಡಗಿನಲ್ಲಿ ದ್ರವ ಅನಿಲ ತರಿಸಿಕೊಂಡಿತು. ರಷ್ಯಾದ ಗಾಜ್‌ಪ್ರಾಮ್ ಕಂಪನಿ 2023ರಲ್ಲಿ ಎರಡು ದಶಕಕ್ಕೂ ಹೆಚ್ಚಿನ ಕಾಲದಲ್ಲಿ ಮೊದಲ ಬಾರಿಗೆ ವಾರ್ಷಿಕ ನಷ್ಟ ತೋರಿಸಿತು. ಚೀನಾಕ್ಕೆ ಮಾರಬಹುದಲ್ಲ ಎನ್ನುತ್ತೀರಿ. 2019ರಲ್ಲಿ ಶುರುವಾದ ‘ಪವರ್ ಆಫ್ ಸೈಬೀರಿಯಾ’ ಪೈಪಿನ ಸಾಮರ್ಥ್ಯ ವರ್ಷಕ್ಕೆ 38 ಶತಕೋಟಿ ಘನ ಮೀಟರ್. ಯುರೋಪಿಗೆ ಹೋಗುತ್ತಿದ್ದುದು 150ರ ಹತ್ತಿರ. ಎರಡನೇ ಪೈಪಿನ ಮಾತು ವರ್ಷಗಳಿಂದ ನಡೆಯುತ್ತಿದೆ. ಬೇರೆ ಗಿರಾಕಿ ಇಲ್ಲದವನ ಹತ್ತಿರ ಚೌಕಾಸಿ ಮಾಡಲು ಚೀನಾಕ್ಕೆ ಯಾವ ಅವಸರವೂ ಇಲ್ಲ.

ಎಣ್ಣೆಯ ವಿಷಯ ಬೇರೆ ಆಯಿತು, ಅದು ಹಡಗಿನಲ್ಲಿ ಹೋಗುತ್ತದಲ್ಲ. ಯುರೋಪ್ ಬಿಟ್ಟ ರಷ್ಯಾದ ಎಣ್ಣೆ ನಮ್ಮ ಕಡೆ ತಿರುಗಿತು. 2022ಕ್ಕೆ ಮುಂಚೆ ನಮ್ಮ ಆಮದಿನಲ್ಲಿ ರಷ್ಯಾದ ಪಾಲು ನೂರಕ್ಕೆ ಎರಡೂ ಇರಲಿಲ್ಲ. 2023ರಲ್ಲಿ ಮೂರನೇ ಒಂದು ಭಾಗ ದಾಟಿತು. ಜಿ-7 ಎಂಬ ಶ್ರೀಮಂತ ದೇಶಗಳ ಗುಂಪು ಬ್ಯಾರೆಲ್‌ಗೆ 60 ಡಾಲರ್ ಮಿತಿ ಹಾಕಿದ್ದು ಕೂಡ ಇದೇ ಹಗ್ಗ ಹಿಡಿದು: ಅದಕ್ಕಿಂತ ಜಾಸ್ತಿ ಬೆಲೆಗೆ ಕೊಂಡರೆ ತಮ್ಮ ವಿಮೆ, ತಮ್ಮ ಹಡಗು ಸಿಗುವುದಿಲ್ಲ ಎಂದರು. ಎಣ್ಣೆ ಹರಿಯಲಿ, ರಷ್ಯಾಕ್ಕೆ ಲಾಭ ಕಡಿಮೆಯಾಗಲಿ ಎನ್ನುವುದು ಉದ್ದೇಶ. ಭಾರತ ಆ ಎಣ್ಣೆ ಕೊಂಡದ್ದು ಅಮೆರಿಕಕ್ಕೆ ಬೇಕಾಗಿಯೇ ಇತ್ತು, ಬೆಲೆ ಏರಬಾರದಿತ್ತು ಎಂದು ಆಗಿನ ಅಮೆರಿಕ ರಾಯಭಾರಿ ಎರಿಕ್ ಗಾರ್ಸೆಟ್ಟಿ 2024ರಲ್ಲಿ ತಾವೇ ಹೇಳಿದ್ದರು. ಅಮೆರಿಕದಲ್ಲಿ ಸರ್ಕಾರ ಬದಲಾಯಿತು, ಮಾತೂ ಬದಲಾಯಿತು. 2025ರ ಆಗಸ್ಟ್ 27ರಿಂದ ನಮ್ಮ ಸರಕಿನ ಮೇಲೆ ಇನ್ನೂ ಶೇ. 25 ಸೇರಿ ಒಟ್ಟು ಶೇ. 50 ಸುಂಕ ಬಿತ್ತು. ನಿಮಗೆ ಸಿಟ್ಟು ಬಂದದ್ದು ನ್ಯಾಯವೇ. ನನಗೂ ಬಂತು.

ಚೀನಾಕ್ಕೆ ಯಾಕಿಲ್ಲ? ಚೀನಾದ ಕೈಯಲ್ಲಿ ಇನ್ನೊಂದು ಹಗ್ಗ ಇದೆ. ಎಲೆಕ್ಟ್ರಿಕ್ ಮೋಟರ್, ಗಾಳಿಯಂತ್ರ, ಕ್ಷಿಪಣಿ, ಯುದ್ಧವಿಮಾನ ಎಲ್ಲಕ್ಕೂ ಬಲವಾದ ಮ್ಯಾಗ್ನೆಟ್ ಬೇಕು. ಅದಕ್ಕೆ ಬೇಕಾದ ರೇರ್ ಅರ್ಥ್ ಲೋಹಗಳನ್ನು ಶುದ್ಧ ಮಾಡುವ ಕೆಲಸದಲ್ಲಿ ನೂರಕ್ಕೆ ತೊಂಬತ್ತರಷ್ಟು ಚೀನಾದಲ್ಲೇ ನಡೆಯುತ್ತದೆ. 2025ರ ಏಪ್ರಿಲ್‌ನಲ್ಲಿ ಅಮೆರಿಕ ಚೀನಾದ ಮೇಲಿನ ಸುಂಕವನ್ನು ಶೇ. 145ರ ತನಕ ಏರಿಸಿತು. ಚೀನಾ ಈ ಲೋಹಗಳ ರಫ್ತಿಗೆ ಪರವಾನಗಿ ಬೇಕು ಎಂದಿತು. ಕೆಲವೇ ವಾರಗಳಲ್ಲಿ ಕಾರ್ಖಾನೆಗಳು ನಿಲ್ಲುವ ಸ್ಥಿತಿ ಬಂತು, ಮೇ ತಿಂಗಳಲ್ಲಿ ಇಬ್ಬರೂ ಜಿನೀವಾದಲ್ಲಿ ಕೂತು ಸುಂಕ ಇಳಿಸಿಕೊಂಡರು. ಅಕ್ಟೋಬರ್‌ನಲ್ಲಿ ಚೀನಾ ಇನ್ನಷ್ಟು ಬಿಗಿ ಮಾಡಿತು. ಅದೇ ತಿಂಗಳ 30ರಂದು ಕೊರಿಯಾದ ಬುಸಾನ್‌ನಲ್ಲಿ ಟ್ರಂಪ್ ಮತ್ತು ಚೀನಾದ ಅಧ್ಯಕ್ಷ ಷಿ ಜಿನ್‌ಪಿಂಗ್ ಭೇಟಿಯಾದ ಮೇಲೆ ಆ ಹೊಸ ನಿಯಮವನ್ನು ಒಂದು ವರ್ಷ ಮುಂದಕ್ಕೆ ಹಾಕಿದರು. ತಿರುಗಿ ಎಳೆಯಲು ನಮ್ಮ ಕೈಯಲ್ಲಿ ಅಂಥ ಹಗ್ಗ ಇರಲಿಲ್ಲ, ಟೀಚರೇ. ನಮಗಿದ್ದ ಬಲ ಒಂದೇ, ನಾವು ದೊಡ್ಡ ಗಿರಾಕಿ ಎನ್ನುವುದು. ಅದನ್ನು ಬಳಸುವುದೂ ಶುರುವಾಗಿದೆ. 2025ರ ನವೆಂಬರ್‌ನಲ್ಲಿ ನಮ್ಮ ಸರ್ಕಾರಿ ಕಂಪನಿಗಳು 2026ಕ್ಕೆ ಅಮೆರಿಕದಿಂದ 22 ಲಕ್ಷ ಟನ್ ಅಡುಗೆ ಅನಿಲ ಕೊಳ್ಳಲು ಒಪ್ಪಂದ ಮಾಡಿಕೊಂಡವು. ಸಿಲಿಂಡರ್ ಕೂಡ ರಾಜತಂತ್ರದ ಭಾಗವಾಗಿದೆ.

ಸೋಲಾರ್ ಪ್ರಶ್ನೆಗೂ ಇಲ್ಲೇ ಅರ್ಧ ಉತ್ತರ ಸಿಕ್ಕಿತು. ಜಗಳ ನಿಲ್ಲುವುದಿಲ್ಲ, ಜಾಗ ಬದಲಾಗುತ್ತದೆ. ಸೋಲಾರ್ ಪ್ಯಾನೆಲ್ ತಯಾರಿಕೆಯ ಪ್ರತಿ ಹಂತದಲ್ಲೂ ಶೇ. 80ಕ್ಕಿಂತ ಜಾಸ್ತಿ ಚೀನಾದ ಕೈಯಲ್ಲಿದೆ. ಏಪ್ರಿಲ್‌ನ ಆ ನಿಯಮದ ಬಿಸಿ ನಮ್ಮ ಎಲೆಕ್ಟ್ರಿಕ್ ಸ್ಕೂಟರ್ ತಯಾರಕರಿಗೂ ತಟ್ಟಿತು. ಆದರೂ ಒಂದು ದೊಡ್ಡ ವ್ಯತ್ಯಾಸ ಇದೆ. ಎಣ್ಣೆ ದಿನಾ ಕೊಳ್ಳಬೇಕು. ಪ್ಯಾನೆಲ್ ಒಮ್ಮೆ ಕೊಂಡರೆ ಇಪ್ಪತ್ತೈದು ವರ್ಷ ದುಡಿಯುತ್ತದೆ. ನಾಳೆ ಚೀನಾ ಮಾರುವುದನ್ನು ನಿಲ್ಲಿಸಿದರೆ ಹೊಸ ಪಾರ್ಕ್ ಕಟ್ಟುವುದು ನಿಧಾನವಾಗಬಹುದು, ಪಾವಗಡದಲ್ಲಿ ಈಗಾಗಲೇ ನಿಂತಿರುವ 2,050 ಮೆಗಾವ್ಯಾಟ್ ಎಂದಿನಂತೆ ವಿದ್ಯುತ್ ಕೊಡುತ್ತದೆ. ಚೀನಾಕ್ಕೆ ಇದು ಬಹಳ ಮುಂಚೆ ಅರ್ಥವಾಗಿತ್ತು. ತಾನು ತರಿಸುವ ಎಣ್ಣೆಯ ಬಹುಪಾಲು ಮಲಾಕ್ಕಾ ಜಲಸಂಧಿ ಎಂಬ ಇಕ್ಕಟ್ಟಿನ ದಾರಿಯಲ್ಲಿ ಬರುತ್ತದೆ, ಅಲ್ಲಿ ಅಮೆರಿಕದ ನೌಕಾಪಡೆ ಬಲವಾಗಿದೆ ಎಂದು 2003ರಿಂದಲೇ ಅಲ್ಲಿನ ನಾಯಕರಿಗೆ ಚಿಂತೆ. ಇವತ್ತು ಅಲ್ಲಿ ಮಾರಾಟವಾಗುವ ಹೊಸ ಕಾರುಗಳಲ್ಲಿ ಅರ್ಧದಷ್ಟು ಪ್ಲಗ್ ಹಾಕಿ ಚಾರ್ಜ್ ಮಾಡುವಂಥವು. ಹೊಗೆ ಕಡಿಮೆಯಾಗಲಿ ಎನ್ನುವಷ್ಟೇ ಆ ಜಲಸಂಧಿಯ ಭಯವೂ ಅದರ ಹಿಂದಿದೆ.

ಈಗ ಹಾರ್ಮುಜ್, ಪಾದೂರು. ಹಾರ್ಮುಜ್‌ನ ಅತಿ ಕಿರಿದಾದ ಜಾಗ ಸುಮಾರು 33 ಕಿ.ಮೀ. ಅಗಲ. ದೊಡ್ಡ ಹಡಗು ಹೋಗುವ ಪಥ ಹೋಗಲು ಮೂರು, ಬರಲು ಮೂರು ಕಿ.ಮೀ. ಅಷ್ಟೇ. 2024ರಲ್ಲಿ ದಿನಕ್ಕೆ ಸುಮಾರು 2 ಕೋಟಿ ಬ್ಯಾರೆಲ್, ಅಂದರೆ ಜಗತ್ತು ಬಳಸುವ ಎಣ್ಣೆಯ ಐದರಲ್ಲಿ ಒಂದು ಭಾಗ ಅಲ್ಲಿ ಸಾಗುತ್ತಿತ್ತು. ಮುಚ್ಚುವುದು ಸಾಧ್ಯವೇ ಇಲ್ಲ ಎನ್ನುವವರ ಮಾತೂ, ನಾಳೆಯೇ ಮುಚ್ಚುತ್ತದೆ ಎನ್ನುವವರ ಮಾತೂ ನಂಬಬೇಡಿ. 1980ರ ದಶಕದ ಇರಾನ್-ಇರಾಕ್ ಯುದ್ಧದಲ್ಲಿ ನೂರಾರು ಹಡಗುಗಳಿಗೆ ಹೊಡೆತ ಬಿದ್ದರೂ ದಾರಿ ಪೂರ್ತಿ ಮುಚ್ಚಲಿಲ್ಲ. ಇರಾನ್ ಹೊರಗೆ ಮಾರುವ ಎಣ್ಣೆಯಲ್ಲಿ ನೂರಕ್ಕೆ ತೊಂಬತ್ತರಷ್ಟು 2025ರಲ್ಲಿ ಹೋಗುತ್ತಿದ್ದುದು ಚೀನಾಕ್ಕೆ. ಆ ದಾರಿ ಮುಚ್ಚಿದರೆ ತನ್ನ ಗಿರಾಕಿಯ ಹೊಟ್ಟೆಗೂ ಹೊಡೆದಂತೆ. 2025ರ ಜೂನ್‌ನಲ್ಲಿ ಬ್ಯಾರೆಲ್ ಬೆಲೆ 80 ಡಾಲರ್ ಮುಟ್ಟಿ, ಕದನವಿರಾಮ ಆಗುತ್ತಿದ್ದಂತೆ 70ರ ಕೆಳಗೆ ಇಳಿಯಿತು. ಆದರೆ ಪೂರ್ತಿ ಮುಚ್ಚದಿದ್ದರೂ ತೊಂದರೆ ಆಗುತ್ತದೆ. ಯುದ್ಧದ ವಿಮೆ ಏರಿದರೆ, ಒಂದೆರಡು ಹಡಗಿನವರು ಬರಲ್ಲ ಎಂದರೆ ಸಾಕು.

ಪಾದೂರಿನಲ್ಲಿ ಬಂಡೆ ಕೊರೆದು ಮಾಡಿದ ದೊಡ್ಡ ಗುಹೆಗಳಿವೆ. ಒಳಗೆ ಉಕ್ಕಿನ ತೊಟ್ಟಿ ಇಲ್ಲ. ಸುತ್ತಲಿನ ಬಂಡೆಯ ಬಿರುಕಿನಲ್ಲಿ ನೀರು ಸದಾ ತುಂಬಿರುವಂತೆ ಮಾಡಿರುತ್ತಾರೆ. ಆ ನೀರು ಎಲ್ಲ ಕಡೆಯಿಂದ ಒಳಕ್ಕೆ ಒತ್ತುವುದರಿಂದ ಎಣ್ಣೆ ಹೊರಗೆ ಸೋರುವುದಿಲ್ಲ. ನೀರಿನ ಮೇಲೆ ಎಣ್ಣೆ ತೇಲುತ್ತದೆ ಎಂದು ನೀವು ಮಕ್ಕಳಿಗೆ ಕಲಿಸಿದ ಪಾಠವೂ ಅಲ್ಲಿ ಕೆಲಸ ಮಾಡುತ್ತದೆ. ಪಾದೂರು ತುಂಬಿದರೆ 25 ಲಕ್ಷ ಟನ್. ಮಂಗಳೂರು 15 ಲಕ್ಷ, ವಿಶಾಖಪಟ್ಟಣ 13.3 ಲಕ್ಷ. ಮೂರೂ ಪೂರ್ತಿ ತುಂಬಿದ್ದರೆ ದೇಶಕ್ಕೆ ಒಂಬತ್ತೂವರೆ ದಿನ ಎಂದು ಸರ್ಕಾರದ ಹಳೆಯ ಲೆಕ್ಕ. ಬಳಕೆ ಏರಿರುವುದರಿಂದ ನಾನು ಒಂದು ವಾರ ಎಂದೇ ಹಿಡಿಯುತ್ತೇನೆ. ಪಾದೂರು ಒಂದೇ ಆದರೆ ಮೂರರಿಂದ ನಾಲ್ಕು ದಿನ. ಗಾಬರಿಯಾಗಬೇಡಿ. ಕಂಪನಿಗಳ ಟ್ಯಾಂಕು, ಪೈಪು ಎಲ್ಲ ಸೇರಿದರೆ ಎರಡು ತಿಂಗಳ ಮೇಲಿನ ದಾಸ್ತಾನು ಇರುತ್ತದೆ. ಹಾಗೆಂದು ಸಮಾಧಾನವಾಗಿ ಕೂರುವ ಹಾಗೂ ಇಲ್ಲ. 1973ರ ಎಣ್ಣೆ ಬಿಕ್ಕಟ್ಟಿನಲ್ಲಿ ಬೆಲೆ ಕೆಲವೇ ತಿಂಗಳಲ್ಲಿ 3 ಡಾಲರ್‌ನಿಂದ 12ರ ಹತ್ತಿರ ಹೋದ ಮೇಲೆ ಶ್ರೀಮಂತ ದೇಶಗಳು ಕೂಡಿ 90 ದಿನದ ಆಮದಿನಷ್ಟು ಇಟ್ಟುಕೊಳ್ಳಬೇಕು ಎಂದು ನಿಯಮ ಮಾಡಿಕೊಂಡವು. ನಾವಿನ್ನೂ ಅಲ್ಲಿಗೆ ಮುಟ್ಟಿಲ್ಲ.

ನನಗೆ ಪೆಟ್ರೋಲ್‌ಗಿಂತ ಜಾಸ್ತಿ ಚಿಂತೆ ಅಡುಗೆ ಅನಿಲದ್ದು. ನಾವು ಬಳಸುವುದರಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನದ್ದು, ಅದರಲ್ಲೂ ಬಹುಪಾಲು ಕೊಲ್ಲಿಯದ್ದು. ಮಂಗಳೂರಿನಲ್ಲಿ ಹೊಸದಾಗಿ ಗುಹೆ ಮಾಡಿ 80 ಸಾವಿರ ಟನ್ ಅನಿಲ ಇಡುವ ವ್ಯವಸ್ಥೆ ಮಾಡಿದ್ದಾರೆ, ಒಳ್ಳೆಯ ಕೆಲಸ. ಆದರೆ ದೇಶದ ಒಂದು ದಿನದ ಬಳಕೆಯೇ ಹೆಚ್ಚುಕಡಿಮೆ ಅಷ್ಟಿದೆ. ಇಲ್ಲಿ ದೇಶಕ್ಕೆ ಇರುವ ದಾರಿಗಳಲ್ಲಿ ಯಾವುದೂ ಪುಕ್ಕಟೆ ಅಲ್ಲ. ದೂರದ ಅಮೆರಿಕದಿಂದ ತರಿಸಿದರೆ ಹಾರ್ಮುಜ್ ತಪ್ಪುತ್ತದೆ, ಬಾಡಿಗೆ ಏರುತ್ತದೆ, ಅಲ್ಲಿನ ಅಧ್ಯಕ್ಷರ ಮನಸ್ಸು ಬದಲಾದರೆ ಇಲ್ಲಿ ಬಿಸಿ. ಗುಹೆ ತೋಡಿ ತುಂಬಿಡಲು ಸಾವಿರಾರು ಕೋಟಿ ಬೇಕು, ಭೂಮಿ ಕೊಡುವವರು ನಿಮ್ಮ ನೆರೆಯ ಊರಿನವರೇ. ದ್ರವ ನೈಸರ್ಗಿಕ ಅನಿಲಕ್ಕೆ ಕತಾರ್ ಜೊತೆ ಮಾಡಿಕೊಂಡಂಥ ದೀರ್ಘ ಒಪ್ಪಂದದಲ್ಲಿ ಬೆಲೆ ನೆಮ್ಮದಿ ಸಿಗುತ್ತದೆ, ಮಾರುಕಟ್ಟೆ ಬಿದ್ದರೂ ಕೊಳ್ಳಲೇಬೇಕು. ನನ್ನನ್ನು ಕೇಳಿದರೆ ಗುಹೆಗೆ ಮೊದಲು ಖರ್ಚು ಮಾಡಿ ಎನ್ನುತ್ತೇನೆ. 2020ರ ಏಪ್ರಿಲ್-ಮೇನಲ್ಲಿ ಬೆಲೆ ಕುಸಿದಾಗ ಬ್ಯಾರೆಲ್‌ಗೆ ಸರಾಸರಿ 19 ಡಾಲರ್‌ನಂತೆ ಕೊಂಡು ಗುಹೆ ತುಂಬಿಸಿದ್ದರು. ಜಾಗ ಇದ್ದದ್ದಕ್ಕೆ ಅದು ಸಾಧ್ಯವಾಯಿತು, ಅಲ್ವಾ?

ಇನ್ನು ನಿಮ್ಮ ಮಗ. ಕುವೈತ್ ಎಣ್ಣೆಗೆ ಹಾರ್ಮುಜ್ ಬಿಟ್ಟರೆ ಬೇರೆ ದಾರಿ ಇಲ್ಲ. ಸೌದಿಗೆ ಕೆಂಪು ಸಮುದ್ರದ ಯಾನ್ಬುವರೆಗೆ ಪೈಪ್ ಇದೆ, ಯುಎಇಗೆ ಫುಜೈರಾಕ್ಕೆ ಇದೆ. ಹಾಗಾಗಿ ತೊಂದರೆ ಎದ್ದರೆ ಕುವೈತಿನ ಆದಾಯಕ್ಕೆ, ಅಲ್ಲಿನ ಕೆಲಸಗಳಿಗೆ ಬೇಗ ಪೆಟ್ಟು ಬೀಳುತ್ತದೆ. ಜೀವಕ್ಕಿಂತ ಮೊದಲು ಸಂಬಳಕ್ಕೆ ತೊಂದರೆ ಬರುವ ಸಾಧ್ಯತೆ ಜಾಸ್ತಿ. 1990ರಲ್ಲಿ ಸದ್ದಾಂ ಕುವೈತ್ ಹಿಡಿದಾಗ ಸುಮಾರು 1.7 ಲಕ್ಷ ಭಾರತೀಯರನ್ನು ವಾಪಸ್ ಕರೆತಂದದ್ದು ನಿಮಗೆ ನೆನಪಿರಬಹುದು. ಕರಾವಳಿಯ ಎಷ್ಟೋ ಮನೆಯವರು ಆ ಗುಂಪಿನಲ್ಲಿದ್ದರು. ಅಂದು ಹಲವರು ಕೈಯಲ್ಲಿ ಒಂದು ಚೀಲ ಹಿಡಿದು ಬಂದರು, ಉಳಿಸಿದ್ದ ದುಡ್ಡು ಅಲ್ಲೇ ಬ್ಯಾಂಕಿನಲ್ಲಿ ಸಿಕ್ಕಿಕೊಂಡಿತ್ತು.

ಅದಕ್ಕೇ ‘ಈಗಲೇ ಬಾ’ ಎಂದು ನಾನು ಹೇಳುವುದಿಲ್ಲ. ಹನ್ನೊಂದು ವರ್ಷದ ಕೆಲಸವನ್ನು ಟಿವಿ ನೋಡಿ ಬಿಡುವುದು ಸರಿಯಲ್ಲ. ಭಾರತದ ರಾಯಭಾರ ಕಚೇರಿಯಲ್ಲಿ ಹೆಸರು, ಫೋನ್ ನಂಬರ್ ನೋಂದಾಯಿಸಿದ್ದಾನಾ ಕೇಳಿ. ಪಾಸ್‌ಪೋರ್ಟ್ ಅವನ ಕೈಯಲ್ಲೇ ಇರಲಿ, ಅವಧಿ ಮುಗಿಯುವ ಮೊದಲೇ ನವೀಕರಿಸಲಿ. ತಿಂಗಳ ಉಳಿತಾಯವನ್ನು ಅಲ್ಲಿ ಗುಡ್ಡೆ ಹಾಕದೆ ಊರಿನ ಖಾತೆಗೆ ಕಳಿಸುತ್ತಿರಲಿ. ಆರು ತಿಂಗಳ ಮನೆ ಖರ್ಚು, ಸಾಲದ ಕಂತು ಇದ್ದರೆ ಅದೂ ಸೇರಿ, ಇಲ್ಲಿ ಬೇರೆಯಾಗಿ ಇರಲಿ. ಅಲ್ಲಿ ಕೆಲಸ ಮಾಡಿದ ವರ್ಷಗಳಿಗೆ ಕಾನೂನಿನ ಪ್ರಕಾರ ಸಿಗಬೇಕಾದ ಸೇವಾ ಹಣದ ಕಾಗದಪತ್ರಗಳ ಫೋಟೊ ತೆಗೆದು ನಿಮ್ಮ ಫೋನಿಗೆ ಕಳಿಸಲಿ. ಇಷ್ಟು ಆದ ಮೇಲೆ ಮುಂದಿನ ಸಲ ಟಿವಿಯಲ್ಲಿ ಹಾರ್ಮುಜ್ ಎಂದು ಕೂಗಿದಾಗ ಅವನಿಗೆ ಫೋನ್ ಮಾಡಿ, ‘ಹಡಗು ಬರುತ್ತಿದೆಯಾ, ಸಂಬಳ ಆಯಿತಾ’ ಎಂದು ಎರಡೇ ಮಾತು ಕೇಳಿ. ಎರಡಕ್ಕೂ ಹೌದು ಎಂದರೆ ನೀವು ಮಲಗಿಕೊಳ್ಳಬಹುದು. ಎರಡನೆಯದಕ್ಕೆ ಎರಡು ತಿಂಗಳು ಸತತವಾಗಿ ‘ಇಲ್ಲ’ ಬಂದರೆ ಆಗ ಟಿಕೆಟ್ ಮಾಡಿಸಲು ಹೇಳಿ.